ಮಡಿಕೇರಿಯ ಬಾಡಿಗೆ ಮನೆ: ಮೊಳೆ ಹೊಡೆಯೋ ಹಾಗಿಲ್ಲ, ಮಳೆಗಾಲ ಹತ್ತಿರ ಬಂತು. ಹೇಗೆ ಸಿಂಗರಿಸೋದು?

ಧಾರವಾಡದ_ಕೌದಿ (ಏಪ್ರಿಲ್)

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ಧಾರವಾಡದಿಂದ ಮಡಿಕೇರಿಗೆ ಬಂದಿದ್ದೇವೆ. ಮೊದಲ ಮಹಡಿಯಲ್ಲಿ ಎರಡು ರೂಮಿನ ಬಾಡಿಗೆ ಮನೆ. ಕಿಟಕಿ ತೆಗೆದರೆ ಬೆಟ್ಟ ಕಾಣುತ್ತದೆ, ಅದರ ಬಗ್ಗೆ ದೂರಿಲ್ಲ. ತೊಂದರೆ ಒಳಗಡೆ. ಎಲ್ಲ ಗೋಡೆಗೂ ಒಂದೇ ತಿಳಿ ಹಸಿರು ಡಿಸ್ಟೆಂಪರ್, ಹಾಲ್‌ಗೆ ಒಂದೇ ಬಿಳಿ ಟ್ಯೂಬ್‌ಲೈಟ್. ಸಂಜೆ ಸುಮ್ನೆ ಕೂತರೆ ಯಾವುದೋ ಸರ್ಕಾರಿ ಕಚೇರಿಯಲ್ಲಿ ಟೋಕನ್ ಹಿಡಿದು ಕಾಯುತ್ತಿರುವ ಹಾಗೆ ಅನ್ನಿಸುತ್ತದೆ.

ಮಾಲೀಕರು ಒಳ್ಳೆಯವರೇ. ಆದರೆ ಕರಾರಿನಲ್ಲಿ ಬರೆಸಿದ್ದಾರೆ: ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಅಂತ ಹಿಡಿದುಕೊಳ್ಳುತ್ತಾರಂತೆ.

ನನ್ನ ಹತ್ತಿರ ಇರುವುದು ಅಜ್ಜಿ ಹೊಲಿದ ಒಂದು ದೊಡ್ಡ ಕೌದಿ, ಹಳೇ ಇಳಕಲ್ ಸೀರೆಗಳು, ಒಂದು ನವಲಗುಂದ ಜಮಖಾನೆ, ಒಂದಷ್ಟು ಫ್ರೇಮ್ ಹಾಕಿಸಿದ ಫೋಟೋ, ಜಾಸ್ತಿ ಪುಸ್ತಕ. ಕೌದಿಯನ್ನು ಹಾಲ್‌ನ ದೊಡ್ಡ ಗೋಡೆಗೆ ನೇತುಹಾಕಬೇಕು ಅಂತ ಆಸೆ. ಆ ಗೋಡೆಗೆ ಸ್ಟಿಕ್ಕರ್ ವಾಲ್‌ಪೇಪರ್ ಅಂಟಿಸಿದರೆ ಹೇಗೆ ಅಂತಾನೂ ಯೋಚನೆ ಇದೆ. ಎಲ್ಲ ಸೇರಿ 15,000 ರೂಪಾಯಿ ಖರ್ಚು ಮಾಡಬಹುದು. ಸಲಹೆ ಕೊಡಿ.

ಹಂಡೆಒಲೆ

ಮಡಿಕೇರಿಗೆ ಸ್ವಾಗತ. ಮೊದಲು ಒಂದು ಪ್ರಶ್ನೆ. ಆ ದೊಡ್ಡ ಗೋಡೆ ಯಾವ ದಿಕ್ಕಿಗಿದೆ? ಹೊರಗೋಡೆನಾ, ಒಳಗೋಡೆನಾ?

ಧಾರವಾಡದ_ಕೌದಿ

ಪಶ್ಚಿಮಕ್ಕೆ. ಹೊರಗೋಡೆ. ಯಾಕೆ?

ಹಂಡೆಒಲೆ

ಹಾಗಾದರೆ ಕೌದಿ ಆ ಗೋಡೆಗೆ ಬೇಡ. ವಾಲ್‌ಪೇಪರ್ ಅಂತೂ ಬೇಡವೇ ಬೇಡ.

ಇಲ್ಲಿ ಮುಂಗಾರು ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ದಿನವಿಡೀ ಮಳೆಗೆ ಮೈಯೊಡ್ಡಿ ನಿಂತಿರುತ್ತದೆ. ನೀರು ಒಳಗೆ ಬರದಿದ್ದರೂ ಗೋಡೆ ತಣ್ಣಗಾಗುತ್ತದೆ. ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ, ನಮ್ಮ ಉಸಿರು, ಇವುಗಳಿಂದ ಮನೆಯೊಳಗಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ಗಾಳಿ ತಣ್ಣಗಿನ ಗೋಡೆಗೆ ತಾಗಿದ ಕಡೆ ಬೆವರುತ್ತದೆ. ಅಲ್ಲಿ ಬಟ್ಟೆಯೋ ಬೀರುವೋ ಅಡ್ಡ ಇದ್ದರೆ ಗಾಳಿಯಾಡುವುದಿಲ್ಲ, ಬೂಷ್ಟು ಶುರು. ಅಂಟಿಸಿದ ವಾಲ್‌ಪೇಪರ್ ಹಿಂದೆ ಏನಾಗುತ್ತಿದೆ ಅಂತ ನಿಮಗೆ ಕಾಣುವುದೂ ಇಲ್ಲ. ದಸರಾ ಹೊತ್ತಿಗೆ ವಾಸನೆ ಬಂದಾಗಲೇ ಗೊತ್ತಾಗುವುದು.

ಮನೆ ನಡುವಿನ ಒಳಗೋಡೆ ಹುಡುಕಿ. ಚಂದ ಏನಿದ್ದರೂ ಅದರ ಮೇಲೆ. ಪಶ್ಚಿಮದ ಗೋಡೆ ಖಾಲಿ ಇರಲಿ.

ಕುಶಾಲನಗರ_ಹೊಳೆಬದಿ

ಅಷ್ಟೊಂದು ಹೆದರಿಸಬೇಡಿ ಮಾರಾಯ್ರೇ. ನಮ್ಮ ಮನೆಯಲ್ಲಿ ಸ್ಟಿಕ್ಕರ್ ವಾಲ್‌ಪೇಪರ್ ಹಾಕಿ ಎರಡು ಮಳೆಗಾಲ ಆಯಿತು. ಏನೂ ಆಗಿಲ್ಲ.

ಹಂಡೆಒಲೆ

ಕುಶಾಲನಗರದ ಮಳೆಯನ್ನು ಮಡಿಕೇರಿಗೆ ತರಬೇಡಿ ಸ್ವಾಮಿ. ನಿಮ್ಮಲ್ಲಿ ಬಿಸಿಲು ಬೀಳುತ್ತಿರುವಾಗ ನಾವು ಆನೆಕಾಡು ದಾಟಿ ಮೇಲೆ ಹತ್ತುತ್ತಿದ್ದ ಹಾಗೆ ವೈಪರ್ ಹಾಕಿರುತ್ತೇವೆ. ಇದು ಸುಮಾರು 1,150 ಮೀಟರ್ ಎತ್ತರ. ಜುಲೈಯಲ್ಲಿ ಬೆಳಿಗ್ಗೆ ಕಿಟಕಿ ತೆಗೆದರೆ ಮೋಡವೇ ಮನೆಯೊಳಗೆ ಬರುತ್ತದೆ. ಒಂದೇ ಜಿಲ್ಲೆ, ಆದರೆ ಗೋಡೆಯ ಲೆಕ್ಕ ಬೇರೆ.

ಕುಶಾಲನಗರ_ಹೊಳೆಬದಿ

ಅದು ಒಪ್ಪಿದೆ 😄

ವಿರಾಜಪೇಟೆ_ಮಾಲೀಕ

ನಾನು ಮನೆ ಬಾಡಿಗೆಗೆ ಕೊಡುವವನು. ಇನ್ನೊಂದು ಕಡೆಯದನ್ನೂ ಕೇಳಿ.

ಮೊಳೆ ಬೇಡ ಅನ್ನುವುದು ಸುಮ್ನೆ ಜಬರ್ದಸ್ತಿಗಲ್ಲ. ಇಲ್ಲಿನ ಹಳೇ ಮನೆಗಳ ಗಾರೆ ಮೆತ್ತಗಿರುತ್ತದೆ. ಸುತ್ತಿಗೆಯಿಂದ ಕಬ್ಬಿಣದ ಮೊಳೆ ಹೊಡೆದರೆ ತೂತು ಚಿಕ್ಕದಿರುವುದಿಲ್ಲ, ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಗಾರೆ ಉದುರುತ್ತದೆ. ಮಳೆಗಾಲದಲ್ಲಿ ಆ ಮೊಳೆ ತುಕ್ಕು ಹಿಡಿದು ಕೆಳಗೆ ಕಂದು ಗೆರೆ ಇಳಿಯುತ್ತದೆ. ಅದು ಒಂದು ಕೋಟ್ ಬಣ್ಣಕ್ಕೆ ಮುಚ್ಚುವುದಿಲ್ಲ.

ಆದರೆ ಬಾಡಿಗೆಯವರು ಬಂದು "ಈ ಗೋಡೆಯಲ್ಲಿ, ಈ ನಾಲ್ಕು ಜಾಗದಲ್ಲಿ ಡ್ರಿಲ್ ಮಾಡಿಸಿ, ಪ್ಲಗ್ ಹಾಕಿ ಸ್ಕ್ರೂ ಬಿಗಿಸುತ್ತೇವೆ, ಹೋಗುವಾಗ ಪುಟ್ಟಿ ತುಂಬಿಸಿ ಕೊಡುತ್ತೇವೆ" ಅಂತ ಕೇಳಿದರೆ ನಾನಂತೂ ಬೇಡ ಅಂದಿಲ್ಲ. ಹೆಚ್ಚಿನವರು ಕೇಳುವುದೇ ಇಲ್ಲ. ಒಂದೋ ಕದ್ದು ಹೊಡೆಯುತ್ತಾರೆ, ಇಲ್ಲ ಬೋಳು ಗೋಡೆ ನೋಡಿಕೊಂಡು ನಮ್ಮನ್ನು ಬೈಯುತ್ತಿರುತ್ತಾರೆ. ಕೇಳಿ ನೋಡಿ. ಒಪ್ಪಿದರೆ ಮೆಸೇಜ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಾಳೆ ಇಬ್ಬರಿಗೂ ನೆನಪಿರಬೇಕಲ್ವಾ.

ಕರಾರುಪತ್ರ

ಮಾಲೀಕರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ನೋಡಿ. ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ದಿನನಿತ್ಯದ ಬಳಕೆಯ ಸವೆತಕ್ಕೆ ವಿನಾಯಿತಿ ಇದೆ. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಅದೇ ನಡೆಯುತ್ತದೆ. ಹಾಗಾಗಿ "ಪೇಂಟಿಂಗ್‌ಗೆ ಒಂದು ತಿಂಗಳು" ಅಂತ ಸಹಿ ಹಾಕಿ ಆಗಿದ್ದರೆ ಈಗ ವಾದ ಮಾಡಿ ಲಾಭ ಇಲ್ಲ. ಅದರ ಬದಲು ಹೀಗೆ ಕೇಳಿ: "ಹೇಗೂ ಪೇಂಟಿಂಗ್‌ಗೆ ಹಣ ಹಿಡಿಯುತ್ತೀರಿ, ಒಂದು ಗೋಡೆಗೆ ನನ್ನ ಖರ್ಚಿನಲ್ಲಿ ಬೇರೆ ಬಣ್ಣ ಹಚ್ಚಲಾ?" ಸುಮಾರು ಜನ ಒಪ್ಪುತ್ತಾರೆ.

ಒಂದು ವಿಷಯ ಗಮನದಲ್ಲಿರಲಿ. ಈ ಹನ್ನೊಂದು ತಿಂಗಳ ಕರಾರು ಎಲ್ಲರೂ ಮಾಡಿಕೊಳ್ಳುವುದು ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಬೇಕು ಅನ್ನುವ ಕಾರಣಕ್ಕೆ. ನವೀಕರಣದ ಹೊತ್ತು ಬಂದಾಗ ಶರತ್ತು ಬದಲಿಸುವ ಮಾತು ಎತ್ತಬಹುದು. ಗೋಡೆ, ಚಾವಣಿ, ಕಿಟಕಿ ಎಲ್ಲದರ ಫೋಟೋ ಈಗಲೇ ತೆಗೆದು ಮಾಲೀಕರಿಗೆ ಕಳಿಸಿಬಿಡಿ. ಈಗಾಗಲೇ ಇರುವ ತೇವದ ಕಲೆ ಆಮೇಲೆ ನಿಮ್ಮ ತಲೆಗೆ ಬರಬಾರದು.

ಗೋಣಿಕೊಪ್ಪ_ಟೀಚರ್

ಅಂಟು ಹುಕ್ ಹಾಕಿದರೆ ಆಗಲ್ವಾ? ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ, ಹತ್ತು ಕೆಜಿ ತಡೆಯುತ್ತದೆ ಅಂತ ಬರೆದಿರುತ್ತದೆ.

ಮರಗೆಲಸ

ಟೀಚರ್, ಗೋಡೆಗೆ ಅಂಗೈ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿತಾ? ಹಾಗಾದರೆ ಅದು ಡಿಸ್ಟೆಂಪರ್. ಅಂಟು ಹಿಡಿಯುವುದು ಪುಡಿಯನ್ನು, ಗೋಡೆಯನ್ನಲ್ಲ. ಮಧ್ಯರಾತ್ರಿ ಫ್ರೇಮ್ ಸಮೇತ ಕೆಳಗೆ ಬರುತ್ತದೆ, ಬರುವಾಗ ಬಣ್ಣದ ಸಿಪ್ಪೆಯನ್ನೂ ಕಿತ್ತುಕೊಂಡು ಬರುತ್ತದೆ. ಟೈಲ್ಸ್, ಗಾಜು, ಪಾಲಿಶ್ ಮಾಡಿದ ಬಾಗಿಲಿಗೆ ಅಂಟು ಹುಕ್ ಸರಿ. ಡಿಸ್ಟೆಂಪರ್‌ಗೆ ಅಲ್ಲ.

ನಾನು ಈ ಊರಲ್ಲಿ ಬಾಡಿಗೆ ಮನೆಗಳಿಗೆ ಜಾಸ್ತಿ ಮಾಡಿಕೊಡುವುದು ಮರದ ಪಟ್ಟಿ. ಹೇಳುತ್ತೇನೆ, ಯಾರು ಬೇಕಾದರೂ ಮಾಡಿಸಬಹುದು. ಸಿಲ್ವರ್ ಓಕ್ ಇಲ್ಲಿ ತೋಟದಲ್ಲೆಲ್ಲ ಇದೆ, ಮಿಲ್‌ನಲ್ಲಿ ಪಟ್ಟಿ ಸಿಗುತ್ತದೆ. ಆರು ಅಡಿ ಉದ್ದ, ಮೂರು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಎರಡೂ ಕಡೆ ವಾರ್ನಿಶ್ ಹೊಡೆಯಿರಿ, ಹಿಂದೆ ಕಾಣಲ್ಲ ಅಂತ ಬಿಡಬೇಡಿ. ತೇವ ಬರುವುದೇ ಹಿಂದಿನಿಂದ. ಒಳಗೋಡೆಯಲ್ಲಿ ಕಣ್ಣಿಗಿಂತ ಒಂದೂವರೆ ಅಡಿ ಮೇಲೆ ಮೂರೇ ತೂತು, 6 ಎಂಎಂ ಬಿಟ್, ಪ್ಲಾಸ್ಟಿಕ್ ಪ್ಲಗ್, ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ. ಪಟ್ಟಿಗೂ ಗೋಡೆಗೂ ಮಧ್ಯೆ ಒಂದೊಂದು ದಪ್ಪ ವಾಷರ್ ಕೊಟ್ಟರೆ ಗಾಳಿಯಾಡುತ್ತದೆ. ಇನ್ನು ಪಟ್ಟಿಗೆ ಎಷ್ಟು ಬೇಕೋ ಅಷ್ಟು ಕೊಕ್ಕೆ ಹೊಡೆದುಕೊಳ್ಳಿ. ಫೋಟೋ, ಬುಟ್ಟಿ, ಗಂಟೆ, ಏನಾದರೂ ದಾರದಲ್ಲಿ ನೇತುಹಾಕಿ. ಬೇಜಾರಾದರೆ ಬದಲಿಸಿ. ಮಾಲೀಕರ ಗೋಡೆಗೆ ಆದದ್ದು ಮೂರು ತೂತು ಮಾತ್ರ.

ವಿರಾಜಪೇಟೆ_ಮಾಲೀಕ

ಇದಕ್ಕಾದರೆ ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ.

ಕರಿಮೆಣಸು

ಡ್ರಿಲ್ಲೂ ಬೇಡ ಅನ್ನುವವರಿಗೆ: ನಮ್ಮಲ್ಲಿ ಮೆಣಸು ಕೊಯ್ಯುವ ಬಿದಿರಿನ ಒಂಟಿ ಏಣಿ ಇರುತ್ತದಲ್ಲ, ಒಂದೇ ಗಳು, ಅದಕ್ಕೆ ಗೂಟ. ಹಳೆಯದಾಗಿ ಬಿಸಾಡಿದ್ದನ್ನು ಆರು ಅಡಿಗೆ ಕೊಯ್ದು ಮೂಲೆಯಲ್ಲಿ ಒರಗಿಸಿದ್ದೇನೆ. ಗೂಟಕ್ಕೆ ಟೋಪಿ, ಚೀಲ, ಛತ್ರಿ. ಬಂದವರೆಲ್ಲ ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ. ತೋಟದಿಂದ ಅಂದರೆ ನಂಬುವುದಿಲ್ಲ.

ಮರಗೆಲಸ

ಬಿದಿರು ಮನೆಯೊಳಗೆ ತರುವ ಮುಂಚೆ ಕುಟ್ಟೆ ಹುಳ ನೋಡಿ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಬೇಡ. ಅದು ಬೇರೆ ಸಾಮಾನಿಗೂ ಹೋಗುತ್ತದೆ.

ಹೋಂಸ್ಟೇ_ಸಾಕಾಯ್ತು

ಕೊಡಗಿಗೆ ಬಂದಿದ್ದೀರಿ, ಸ್ವಲ್ಪ ಕೊಡಗಿನ ಕಳೆ ಇರಲಿ. ಕಾಫಿ ಗಿಡದ ಬೊಡ್ಡೆಯ ಟೀಪಾಯಿ, ಗೋಡೆಗೆ ಪೀಚೆಕತ್ತಿ, ಒಡಿಕತ್ತಿ. ಅಂಗಡಿಯಲ್ಲಿ ಸೆಟ್ ಸಿಗುತ್ತದೆ.

ಐಮರ

ನಿಮ್ಮ ಹೆಸರೇ "ಹೋಂಸ್ಟೇ ಸಾಕಾಯ್ತು", ಸಲಹೆ ಮಾತ್ರ ಪೂರ್ತಿ ಹೋಂಸ್ಟೇದು!

ಕಾಫಿ ಬೊಡ್ಡೆಯ ಟೀಪಾಯಿ ಚಂದವೇ. ಹಳೇ ಗಿಡ ಕಿತ್ತಾಗ ಸಿಗುವ ಬೊಡ್ಡೆ ಅದು, ಕೊಂಬೆ ತಿರುಚಿಕೊಂಡಿರುವುದರಿಂದ ಎರಡು ಒಂದೇ ಥರ ಇರುವುದಿಲ್ಲ. ಕತ್ತಿಯ ಬಗ್ಗೆ ಮಾತ್ರ ನನ್ನ ಮಾತು ಬೇರೆ. ಪೀಚೆಕತ್ತಿ ನಮ್ಮಲ್ಲಿ ಮದುವೆ, ಹಬ್ಬಕ್ಕೆ ಗಂಡಸರು ಕುಪ್ಪಸ ಅನ್ನುವ ಉದ್ದ ಕೋಟಿನ ಮೇಲೆ ಚೇಲೆ ಅನ್ನುವ ಸೊಂಟಪಟ್ಟಿ ಕಟ್ಟಿ ಸಿಗಿಸಿಕೊಳ್ಳುವಂಥದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನೆಲ್ಲ ಇಟ್ಟು ಪೂಜೆ ಮಾಡುತ್ತೇವೆ. ಬೇರೆಯವರು ಇಡಬಾರದು ಅಂತ ನಾನು ಹೇಳುವುದಿಲ್ಲ, ಆದರೆ ತಗಡಿನ ಕತ್ತಿ ಎರಡನ್ನು ಅಡ್ಡಡ್ಡ ಕಟ್ಟಿ ಟಿವಿ ಮೇಲೆ ನೇತುಹಾಕಿದ್ದು ನೋಡಿದರೆ ಕಣ್ಣಿಗೆ ಚುಚ್ಚುತ್ತದೆ. ಇವರ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದೆ. ಅದನ್ನು ಮೂಲೆಗೆ ಹಾಕಿ ನಮ್ಮ ಕತ್ತಿ ಯಾಕೆ ಬೇಕು?

ಕೊಡವರ ಐನ್‌ಮನೆಯಿಂದ, ಅಂದರೆ ಒಕ್ಕದ ಹಿರಿಯರ ಮೂಲ ಮನೆಯಿಂದ, ಏನಾದರೂ ತಗೊಳ್ಳಬೇಕು ಅಂದರೆ ಕೂರುವ ರೀತಿ ತಗೊಳ್ಳಿ. ಕೈಯಾಲೆಯ (ಮುಂದಿನ ಜಗಲಿಯ) ಕಂಬಗಳ ನಡುವೆ ದಪ್ಪ ಹಲಗೆಯ ಐಮರ ಇರುತ್ತದೆ, ಮಳೆ ನೋಡುತ್ತಾ ಕೂರುವುದಕ್ಕೆ ಅಷ್ಟು ಚೆನ್ನಾಗಿರುತ್ತದೆ. ಬಾಡಿಗೆ ಮನೆಯಲ್ಲಿ ಬೆಟ್ಟ ಕಾಣುವ ಕಿಟಕಿ ಕೆಳಗೆ ಒಂದು ತಗ್ಗು ಬೆಂಚು ಹಾಕಿ, ನಿಮ್ಮ ಜಮಖಾನೆ ಮಡಚಿ ಮೇಲೆ ಹಾಸಿ. ಅರ್ಧ ಮನೆ ಅಲ್ಲೇ ತಯಾರಾಯಿತು.

ಹೋಂಸ್ಟೇ_ಸಾಕಾಯ್ತು

ಬೆಂಚಿನ ಮಾತು ಸರಿ. ಕತ್ತಿ ವಾಪಸ್ ತಗೊಂಡೆ.

ಗೋಣಿಕೊಪ್ಪ_ಟೀಚರ್

ಜಿಂಕೆ ಕೊಂಬು? ಹಳೇ ಬಂಗಲೆಗಳಲ್ಲಿ ಇರುತ್ತದಲ್ಲ. ಯಾರೋ ಮಾರುತ್ತೇನೆ ಅಂತ ಹೇಳಿದರು.

ಕರಾರುಪತ್ರ

ಬೇಡ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಕೊಳ್ಳುವುದೂ ಮಾರುವುದೂ. ಹಳೇ ಮನೆಗಳಲ್ಲಿ ಕಾನೂನುಬದ್ಧವಾಗಿ ಇರುವುದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಇರುತ್ತದೆ, ಅದನ್ನೂ ಮಾರುವ ಹಾಗಿಲ್ಲ. ಕಾಡಿನ ಮರದಿಂದ ಆರ್ಕಿಡ್ ಕಿತ್ತು ತರುವ ಆಸೆಯನ್ನೂ ಬಿಡಿ. ನರ್ಸರಿಯಲ್ಲಿ ತಗೊಳ್ಳಿ.

ಆಂಥೂರಿಯಂ_ಆಂಟಿ

ಗಿಡದ ಮಾತು ಬಂತಲ್ಲ, ನಾನೂ ಬಂದೆ. ಧಾರವಾಡದಲ್ಲಿ ಬಿಸಿಲಿಗೆ ಬಾಡುವ ಗಿಡ ಇಲ್ಲಿ ಕುಣಿಯುತ್ತದೆ. ಆಂಥೂರಿಯಂ, ಜರೀಗಿಡ, ಬಿಗೋನಿಯಾ ಎಲ್ಲ ನೆರಳಲ್ಲೇ ಬರುತ್ತವೆ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಆಂಥೂರಿಯಂ ಬೆಳೆದು ಹೂ ಮಾರುತ್ತಾರೆ, ಗಿಡ ಸಿಗುವುದು ಕಷ್ಟ ಅಲ್ಲ. ಒಂದು ಹೂ ಕೊಯ್ದು ನೀರಲ್ಲಿಟ್ಟರೆ ಎರಡು ವಾರ ಆರಾಮಾಗಿ ಇರುತ್ತದೆ. ಆದರೆ ಮಳೆಗಾಲದಲ್ಲಿ ಕುಂಡಗಳನ್ನು ಮಲಗುವ ರೂಮಲ್ಲಿ ಗುಂಪು ಹಾಕಬೇಡಿ. ಮೊದಲೇ ತೇವ, ಅದಕ್ಕೆ ಗಿಡದ ತೇವವೂ ಸೇರುತ್ತದೆ. ಮೆಟ್ಟಿಲು, ಜಗಲಿ ಸಾಕು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೇಲಿ ಮೇಲೆ ಕೆಂಪು ಹಳದಿ ಬೆಂಕಿಯಂಥ ತೋಕ್ ಪೂ ಅರಳುತ್ತದೆ, ಕೈಲ್‌ಪೊಳ್ದ್‌ಗೆ ಕೋವಿಗೆ ಸಿಗಿಸುವ ಹೂ. ಹೂದಾನಿಗೆ ಚಂದ ಅಂತ ತರುತ್ತಾರೆ. ಅದರ ಗಡ್ಡೆಯಿಂದ ಹಿಡಿದು ಎಲ್ಲವೂ ವಿಷ. ಮಕ್ಕಳು, ಬೆಕ್ಕು ಇರುವ ಮನೆಗೆ ಬೇಡ.

ಧಾರವಾಡದ_ಕೌದಿ

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಅಂಗೈ ಪರೀಕ್ಷೆ ಮಾಡಿದೆ, ಪುಡಿ ಹತ್ತಿತು. ವಾಲ್‌ಪೇಪರ್ ಕೈಬಿಟ್ಟೆ. ಮಾಲೀಕರಿಗೆ ಪಟ್ಟಿಯ ವಿಷಯ ಕೇಳಿದೆ, ಮೂರು ತೂತಿಗೆ ಒಪ್ಪಿದರು. ಬಣ್ಣಕ್ಕೆ ಮಾತ್ರ ಸುತಾರಾಂ ಒಪ್ಪಲಿಲ್ಲ.

ಈಗ ಎರಡು ಪ್ರಶ್ನೆ. ಕೌದಿಯನ್ನು ಒಳಗೋಡೆಗೆ ಹೇಗೆ ಹಾಕಲಿ? ಐದಾರು ಪದರ ಹಳೇ ಸೀರೆ ಸೇರಿಸಿ ಹೊಲಿದದ್ದು, ತುಂಬಾ ಭಾರ. ಹಸಿರು ಗೋಡೆಗೆ ಬಣ್ಣ ಹಚ್ಚದೆ ಆ ಕಚೇರಿ ಕಳೆ ಹೋಗಿಸುವುದು ಹೇಗೆ?

ನೂಲು_ಸೂಜಿ

ಕೌದಿಗೆ ಕ್ಲಿಪ್ ಹಾಕಬೇಡಿ, ಮೂಲೆಗೆ ಉಂಗುರ ಹೊಲಿಯಬೇಡಿ. ಭಾರವೆಲ್ಲ ಎರಡು ಮೂಲೆಗೆ ಬಿದ್ದು ಹಳೇ ಸೀರೆ ಪಿಸಿಯುತ್ತದೆ. ಹಿಂಭಾಗದ ಮೇಲಂಚಿಗೆ ಉದ್ದಕ್ಕೂ ನಾಲ್ಕು ಇಂಚು ಅಗಲದ ಗಟ್ಟಿ ಹತ್ತಿ ಬಟ್ಟೆಯ ಕೊಳವೆ ಹೊಲಿಯಿರಿ. ಕೈಯಲ್ಲೇ, ಕೌದಿ ಹೊಲಿಗೆಯ ಹಾಗೇ ಒಂದೆಳೆ ಓಟದ ಹೊಲಿಗೆ. ಸೂಜಿ ಹಿಂದಿನ ಎರಡು ಪದರಕ್ಕೆ ಮಾತ್ರ ಹೋಗಲಿ, ಮುಂದೆ ಕಾಣಬಾರದು. ಕೊಳವೆಯೊಳಗೆ ಕೋಲು ತೂರಿಸಿ ಕೋಲನ್ನು ಪಟ್ಟಿಯ ಕೊಕ್ಕೆಗೆ ಹಾಕಿ. ಭಾರ ಉದ್ದಕ್ಕೂ ಹಂಚಿಹೋಗುತ್ತದೆ.

ಮೇ ಕೊನೆಯಲ್ಲಿ ಇಳಿಸಿಬಿಡಿ. ಒಂದು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪೋ ಬಜೆಯ ತುಂಡೋ ಇಟ್ಟು ಮಡಚಿಡಿ. ಇಲ್ಲ, ಹೊದ್ದುಕೊಳ್ಳಿ! ಜುಲೈಯ ಮಡಿಕೇರಿಯಲ್ಲಿ ಕೌದಿಯನ್ನು ಗೋಡೆಗೆ ಹಾಕಿ ನಾವು ನಡುಗುವುದು ಯಾವ ಲೆಕ್ಕ? ಮತ್ತೆ ದಸರೆಗೆ ಗೋಡೆಗೆ ಬರಲಿ. ಆ ನಾಲ್ಕು ತಿಂಗಳು ಪಟ್ಟಿಗೆ ಹಿತ್ತಾಳೆ, ಮಣ್ಣು, ಬೆತ್ತದ ಸಾಮಾನು ಹಾಕಿ. ಹಿತ್ತಾಳೆ ಕಪ್ಪಾದರೆ ಹುಣಸೆಹಣ್ಣು ಇದ್ದೇ ಇದೆ.

ಬಣ್ಣದ ವಿಷಯ. ತಿಳಿ ಹಸಿರನ್ನು ಮುಚ್ಚುವುದಕ್ಕೆ ಹೋಗಬೇಡಿ, ಎದುರಿಗೆ ಗಟ್ಟಿ ಬಣ್ಣ ತನ್ನಿ. ಇಳಕಲ್ ಸೀರೆಯಲ್ಲಿ ಕೆಂಪು ಸೆರಗು ಇದೆಯಲ್ಲ, ಆ ದಾಳಿಂಬೆ ಕೆಂಪು ಹಸಿರಿನ ಮುಂದೆ ಎದ್ದು ಕಾಣುತ್ತದೆ. ಹರಿದ ಸೀರೆಯಿಂದ ದಿಂಬಿನ ಕವರ್, ಕಿಟಕಿಗೆ ಅರ್ಧ ಪರದೆ ಮಾಡಿ. ಕಿಟಕಿ ಚೌಕಟ್ಟಿನ ಒಳಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ತೂತು ಬೇಡ. ದಪ್ಪ ವೆಲ್ವೆಟ್ ಪರದೆ ತರಬೇಡಿ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಪೂರ್ತಿ ಬಿಳಿಯೂ ಬೇಡ, ಬೂಷ್ಟಿನ ಕಪ್ಪು ಚುಕ್ಕೆ ಮೊದಲು ಕಾಣುವುದು ಅದರಲ್ಲೇ.

ಕುಶಾಲನಗರ_ಹೊಳೆಬದಿ

ಕಚೇರಿ ಕಳೆ ಗೋಡೆಯದ್ದಲ್ಲ, ಟ್ಯೂಬ್‌ಲೈಟಿನದ್ದು. ಡಬ್ಬದ ಮೇಲೆ 6500 ಕೆ ಅಂತ ಇರುತ್ತದೆ, ಅದು ನೀಲಿ ಬಿಳಿ ಬೆಳಕು. ಹಸಿರು ಗೋಡೆಗೆ ಬಿದ್ದರೆ ಮುಖವೆಲ್ಲ ಪೇಲವ. ಬೆಚ್ಚಗಿನ ಹಳದಿ ಬೆಳಕಿನ 2700 ಅಥವಾ 3000 ಕೆ ಬಲ್ಬ್ ತಂದು, ಪ್ಲಗ್‌ಗೆ ಹಾಕುವ ಎರಡು ಟೇಬಲ್ ಲ್ಯಾಂಪ್‌ಗೆ ಹಾಕಿ ಕೆಳಗಿಡಿ. ವೈರಿಂಗ್ ಮುಟ್ಟಬೇಕಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು, ಒಂದೆರಡು ಚಾರ್ಜ್ ಆಗುವ ಬಲ್ಬೂ ಇರಲಿ.

ರಜೆ ದಿನ ಹೊಳೆ ದಾಟಿ ಬೈಲುಕುಪ್ಪೆಗೆ ಬನ್ನಿ. 1960ರ ದಶಕದ ಶುರುವಿನಿಂದ ಇರುವ ಟಿಬೆಟನ್ ವಸತಿ, ಅಲ್ಲಿ ಕೈಯಲ್ಲಿ ನೇಯ್ದ ಉಣ್ಣೆ ಕಾರ್ಪೆಟ್ ಸಿಗುತ್ತದೆ. ದೊಡ್ಡದು ನಿಮ್ಮ ಬಜೆಟ್ ಮೀರಬಹುದು. ಕುರ್ಚಿ ಮೇಲೆ ಹಾಕುವ ಚಿಕ್ಕ ಚೌಕ ನೋಡಿ. ಪ್ರಾರ್ಥನೆಯ ಬಾವುಟ ತಂದರೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಆ ಕ್ರಮದಲ್ಲೇ ಎತ್ತರದಲ್ಲಿ ಕಟ್ಟಿ. ನೆಲಕ್ಕೆ ತಾಗಬಾರದು, ಬಾತ್‌ರೂಮ್ ಬಾಗಿಲಿಗಂತೂ ಬೇಡ.

ಹಂಡೆಒಲೆ

ಎಲ್ಲರೂ ಚಂದದ ಮಾತು ಆಡಿದಿರಿ, ಒದ್ದೆ ಬಟ್ಟೆಯ ಮಾತು ಯಾರೂ ಎತ್ತಲಿಲ್ಲ. ಜೂನ್ ಬಂದ ಮೇಲೆ ಈ ಊರಿನ ಪ್ರತಿ ಬಾಡಿಗೆ ಮನೆಯ ಹಾಲ್‌ನಲ್ಲಿ ಮುಖ್ಯ ಅಲಂಕಾರ ಅಂದರೆ ಹಗ್ಗದ ಮೇಲಿನ ಬನಿಯನ್, ಯೂನಿಫಾರ್ಮ್. ಅದಕ್ಕೆ ಜಾಗ ಮೊದಲೇ ಯೋಚಿಸದಿದ್ದರೆ ಕೌದಿ, ಲ್ಯಾಂಪು, ಐಮರ ಎಲ್ಲ ಅದರ ಹಿಂದೆ ಅಡಗಿಹೋಗುತ್ತದೆ.

ನಮ್ಮ ತೋಟದ ಮನೆಯಲ್ಲಿ ಬಚ್ಚಲಿನ ಹಂಡೆ ಒಲೆ ಮೇಲೆ ಬಿದಿರು ಗಳು ಕಟ್ಟಿ ಒಣಗಿಸುತ್ತಿದ್ದೆವು. ಬಟ್ಟೆಗೆಲ್ಲ ಹೊಗೆ ವಾಸನೆ, ಆದರೂ ಒಣಗುತ್ತಿತ್ತು. ನಿಮ್ಮಲ್ಲಿ ಒಲೆ ಇಲ್ಲ. ಹಾಗಾದರೆ ಒಂದು ಚಿಕ್ಕ ರೂಮನ್ನು ಬಟ್ಟೆಗೇ ಬಿಟ್ಟುಬಿಡಿ. ಮಡಚುವ ಸ್ಟ್ಯಾಂಡ್, ಒಂದು ಫ್ಯಾನ್, ಬಾಗಿಲು ಮುಚ್ಚಿ. ಹಣ ಇದ್ದರೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ. ಅದು ಓಡುವಾಗ ಕಿಟಕಿಯೂ ಮುಚ್ಚಿರಬೇಕು, ಇಲ್ಲದಿದ್ದರೆ ಇಡೀ ಮಡಿಕೇರಿಯನ್ನು ಒಣಗಿಸಲು ಹೊರಡುತ್ತದೆ.

ಮೊದಲೆಲ್ಲ ಬೀರುವಿನೊಳಗೆ ಝೀರೋ ಬಲ್ಬ್ ಉರಿಸುತ್ತಿದ್ದರು. ಅದು 12-15 ವ್ಯಾಟ್ ತಿಂದು ಸ್ವಲ್ಪ ಬಿಸಿ ಕೊಡುತ್ತಿತ್ತು. ಈಗಿನ ಎಲ್‌ಇಡಿ ಝೀರೋ ಬಲ್ಬ್‌ಗೆ ಆ ಬಿಸಿಯೇ ಇಲ್ಲ, ಹಾಕಿ ಪ್ರಯೋಜನ ಇಲ್ಲ. ಹಳೇದನ್ನು ಹಾಕುವುದಾದರೆ ಬಟ್ಟೆಗೆ ತಾಗದಿರಲಿ, ಬೆಂಕಿ ಹಿಡಿಯುತ್ತದೆ. ಬೀರು, ಪುಸ್ತಕದ ಕಪಾಟನ್ನು ಗೋಡೆಯಿಂದ ನಾಲ್ಕು ಇಂಚು ಮುಂದಿಡಿ. ಫೋಟೋ ಫ್ರೇಮ್ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿ, ಗೋಡೆಗೆ ಒರಗುವುದಿಲ್ಲ.

ಆಂಥೂರಿಯಂ_ಆಂಟಿ

ಬೂಷ್ಟು ಬಂದರೆ ಬ್ಲೀಚಿಂಗ್ ನೀರಲ್ಲಿ ಒರೆಸುತ್ತಾರೆ. ಡಿಸ್ಟೆಂಪರ್ ಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ, ಉಜ್ಜಿದರೆ ಬಣ್ಣವೇ ಬರುತ್ತದೆ. ಬ್ಲೀಚಿಂಗ್ ಜೊತೆ ವಿನೆಗರ್, ಟಾಯ್ಲೆಟ್ ಆಸಿಡ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಪ್ರಾಣಕ್ಕೇ ಅಪಾಯ.

ಧಾರವಾಡದ_ಕೌದಿ (ಜುಲೈ)

ಹೇಗಾಯಿತು ಅಂತ ಕೇಳಿ ಮೆಸೇಜ್ ಮಾಡಿದವರಿಗೆಲ್ಲ ಸೇರಿ ಇಲ್ಲೇ ಬರೆಯುತ್ತಿದ್ದೇನೆ.

ಪಟ್ಟಿ ನಿಂತಿದೆ. ಕೌದಿ ಮೇ ತಿಂಗಳಿಡೀ ಅದರ ಮೇಲಿತ್ತು, ಈಗ ನಮ್ಮ ಮೇಲಿದೆ. ಪಟ್ಟಿಯಲ್ಲಿ ಈಗ ಶುಕ್ರವಾರದ ಸಂತೆಯಲ್ಲಿ ತಂದ ಬೆತ್ತದ ಮೊರ, ಎರಡು ಹಿತ್ತಾಳೆ ಸೌಟು, ಊರಿನ ಮನೆಯ ಫೋಟೋ. ಕಿಟಕಿ ಕೆಳಗೆ ಬೆಂಚು ಬಂತು, ಮನೆಯವರು ಅಲ್ಲಿಂದ ಏಳುವುದೇ ಇಲ್ಲ. ಟ್ಯೂಬ್‌ಲೈಟ್ ಈಗ ಸೂಜಿಗೆ ದಾರ ಪೋಣಿಸುವಾಗ ಮಾತ್ರ. ಪಶ್ಚಿಮದ ಗೋಡೆಯಲ್ಲಿ ಮೂಲೆಯಿಂದ ಒಂದು ಗೇಣು ಕಪ್ಪು ಚುಕ್ಕೆ ಬಂದಿದೆ, ಅಲ್ಲೇ ವಾಲ್‌ಪೇಪರ್ ಹಾಕಬೇಕು ಅಂತ ಇದ್ದದ್ದು. ಜಮಖಾನೆಗೆ ಮಾತ್ರ ಸ್ವಲ್ಪ ವಾಸನೆ ಹತ್ತಿದೆ. ಏನು ಮಾಡಲಿ? ಬಿಸಿಲೇ ಇಲ್ಲ.

ನೂಲು_ಸೂಜಿ

ಬೆಂಚಿನ ಮೇಲೆ ಮಡಚಿ ಹಾಕಿದ್ದೀರಲ್ಲ, ಒಳಪದರಕ್ಕೆ ಗಾಳಿ ಹೋಗುವುದಿಲ್ಲ. ಬಿಡಿಸಿ ಬಟ್ಟೆ ರೂಮಿನಲ್ಲಿ ಫ್ಯಾನ್ ಕೆಳಗೆ ಎರಡು ರಾತ್ರಿ ಹಾಕಿ. ಈಗ ಒಗೆಯಬೇಡಿ, ಒಣಗುವುದಿಲ್ಲ. ಹೊಳವಾದ ದಿನ ಹೊರಗೆ ಕೊಡವಿ ಹಾಕಿ. ಅಲ್ಲಿಯವರೆಗೆ ಬೆಂಚಿಗೆ ತೆಳು ಹತ್ತಿ ಬೆಡ್‌ಶೀಟ್ ಸಾಕು.

ನಾಪೋಕ್ಲು_ಹೊಸಬ

ಪೂರ್ತಿ ಓದಿದೆ. ನಮ್ಮದು ಮಂಗಳೂರು ಹಂಚಿನ ಹಳೇ ಮನೆ, ಮೇಲೆ ಮರದ ತೊಲೆ. ಗೋಡೆ ಮುಟ್ಟದೆ ತೊಲೆಗೇ ಹಗ್ಗ ಕಟ್ಟಿ ಲ್ಯಾಂಪು, ಬುಟ್ಟಿ ಇಳಿಸಬಹುದಾ?

ಮರಗೆಲಸ

ಇಳಿಸಬಹುದು. ತೊಲೆಗೆ ಮೊಳೆ ಹೊಡೆಯಬೇಡಿ, ಹಗ್ಗ ಸುತ್ತು ಹಾಕಿ ಕಟ್ಟಿ. ಮೊದಲು ಏಣಿ ಹತ್ತಿ ತೊಲೆಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಗೋಡೆಗೆ ಕೂರುವ ತುದಿಯಲ್ಲಿ. ಮೆತ್ತಗೆ ಒಳಗೆ ಹೋದರೆ ಗೆದ್ದಲು, ಲ್ಯಾಂಪಿನ ಯೋಚನೆ ಬಿಟ್ಟು ಮಾಲೀಕರಿಗೆ ಫೋನ್ ಮಾಡಿ.